ಹಳೆಯ ಹಂಚಿನ ಕಾರ್ಖಾನೆಯಲ್ಲಿ ಮನೆ, ಕಚೇರಿ, ಅಂಗಡಿ: ಮೊದಲ ಮಳೆಯಿಂದ ಡೋರ್ ನಂಬರ್‌ವರೆಗೆ

ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ ಓಡಾಡಿದವರಿಗೆ ಆ ಚಿಮಣಿಗಳು ಗೊತ್ತು. ಕೆಳಗೆ ಉದ್ದುದ್ದ ಶೆಡ್ಡು, ಪಾಚಿ ಕಟ್ಟಿ ಕಪ್ಪಾದ ಮಾಡು (ಛಾವಣಿ), ಗೇಟಿಗೆ ತುಕ್ಕು ಹಿಡಿದ ಬೀಗ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಊರಿನವರೂ ಕೈ ಹಾಕಿದರು. ಹಡಗು ತುಂಬಾ ಹಂಚು ಹೊರದೇಶಕ್ಕೂ ಹೋಯಿತು. ಮುಂದೆ ಆರ್‌ಸಿಸಿ ಸ್ಲ್ಯಾಬ್ ಬಂತು, ಒಳ್ಳೆಯ ಜೇಡಿಮಣ್ಣೂ ಸೌದೆಯೂ ದುಬಾರಿಯಾದವು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು.

ಇಂಥ ಜಾಗ ಕೈಗೆ ಬಂದರೆ ಹತ್ತರಲ್ಲಿ ಒಂಬತ್ತು ಜನ ಜೆಸಿಬಿ ತರಿಸು ಅನ್ನುತ್ತಾರೆ. ಹತ್ತನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕಟ್ಟಡದ ಕೆಲಸದವನು. ಇಂಥ ಎರಡು ಶೆಡ್ಡುಗಳಲ್ಲಿ ದುಡಿದಿದ್ದೇನೆ, ಒಂದರಲ್ಲಿ ಚೆನ್ನಾಗಿಯೇ ಎಡವಿದ್ದೇನೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಈ ಕಟ್ಟಡ ಕಟ್ಟಿದ್ದು ಹಸಿ ಹಂಚು ಒಣಗಲಿಕ್ಕೆ. ಹಸಿ ಹಂಚಿಗೆ ನೇರ ಬಿಸಿಲು ತಾಗಿದರೆ ಬಿರುಕು, ಮಳೆ ತಾಗಿದರೆ ಮತ್ತೆ ಕೆಸರು. ಅದಕ್ಕೆ ಬೇಕಿದ್ದದ್ದು ನೆರಳು ಮತ್ತು ಗಾಳಿ. ಹಾಗಾಗಿ ಎತ್ತರದ ಮಾಡು, ಪಟ್ಟಿ ಪಟ್ಟಿ ಗೋಡೆ, ಎಲ್ಲೆಲ್ಲೂ ಸಂದು. ಆ ಗಾಳಿ ಇದ್ದದ್ದರಿಂದಲೇ ಮರ ಇಷ್ಟು ವರ್ಷ ಉಳಿದಿದೆ. ನೀವು ಬಂದು ಎಲ್ಲಾ ಸಂದು ಮುಚ್ಚಿ ಎ.ಸಿ. ಹಾಕಿದಿರೋ, ಐದಾರು ಮಳೆಗಾಲದಲ್ಲಿ ಕೊಳೆಯಲು ಶುರು.

1. ಒಂದು ಮಳೆಗಾಲ ಸುಮ್ನೆ ನೋಡಿ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಫೆಬ್ರುವರಿಯಲ್ಲಿ ನೋಡಿದ ಕಟ್ಟಡವೂ ಜುಲೈಯಲ್ಲಿ ನೋಡಿದ ಕಟ್ಟಡವೂ ಒಂದೇ ಅಲ್ಲ. ಕೊಳ್ಳುವ ಮೊದಲು ಆಗದಿದ್ದರೆ, ಕೊಂಡ ಮೇಲಾದರೂ ಒಂದು ಮಳೆಗಾಲ ಕಾಯಿರಿ.

ಜೋರು ಮಳೆ ಬರುವಾಗ ಕೊಡೆ ಹಿಡಿದು ಒಳಗೆ ನಡೆಯಿರಿ. ಕೈಯಲ್ಲಿ ಸೀಮೆಸುಣ್ಣ ಇರಲಿ. ಎಲ್ಲಿ ಸೋರುತ್ತದೋ ಅದರ ಕೆಳಗೆ ನೆಲದಲ್ಲಿ ಗುರುತು ಹಾಕಿ. ಗೋಡೆಯಲ್ಲಿ ತೇವ ಎಷ್ಟು ಎತ್ತರಕ್ಕೆ ಏರಿದೆ, ಅಂಗಳದ ನೀರು ಯಾವ ಕಡೆ ಹರಿಯುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ಭರತದಲ್ಲಿ (ಉಬ್ಬರದಲ್ಲಿ) ಹೊಳೆ ಎಲ್ಲಿಯವರೆಗೆ ಬರುತ್ತದೆ, ಎಲ್ಲಾ ಬರೆದಿಡಿ. ಹತ್ತಿರದ ಅಂಗಡಿಯವರಲ್ಲಿ, ಹಳೆಯ ಕೆಲಸಗಾರರು ಸಿಕ್ಕರೆ ಅವರಲ್ಲಿ ಕೇಳಿ. ಮೊದಲು ಮಣ್ಣು ತೆಗೆದ ಹೊಂಡ ಎಲ್ಲಿತ್ತು ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ. ಆ ಹೊಂಡಗಳನ್ನು ಒಡೆದ ಹಂಚಿನ ಚೂರು ಸುರಿದು ಮುಚ್ಚಿರುತ್ತಾರೆ. ಮೇಲಿಂದ ಗಟ್ಟಿ ನೆಲದ ಹಾಗೇ ಕಾಣುತ್ತದೆ. ನಾನು ಎಡವಿದ್ದು ಅಲ್ಲೇ. ಹೊಸ ಟಾಯ್ಲೆಟ್ ಬ್ಲಾಕನ್ನು ಅದರ ಮೇಲೆ ಕಟ್ಟಿಸಿದೆ. ಮೊದಲ ಮಳೆಗೇ ಒಂದು ಮೂಲೆ ಕುಸಿದು ಗೋಡೆಯಲ್ಲಿ ಬೆರಳು ತೂರುವಷ್ಟು ಸೀಳು. ಎರಡು ಸಾವಿರ ರೂಪಾಯಿ ಕೊಟ್ಟು ನಾಲ್ಕು ಕಡೆ ಗುಂಡಿ ತೆಗೆಸಿ ನೋಡಿದ್ದರೆ ಸಾಕಿತ್ತು.

2. ಕಾಗದ ಪತ್ರ

ಇದು ಬೇಸರದ ಕೆಲಸ, ಆದರೆ ಹೆಚ್ಚಿನ ಯೋಜನೆಗಳು ಸಾಯುವುದು ಇಲ್ಲಿಯೇ. ಒಳ್ಳೆಯ ವಕೀಲರನ್ನು ಹಿಡಿಯಿರಿ, ಆದರೆ ಏನು ಕೇಳಬೇಕೆಂದು ನಿಮಗೂ ಗೊತ್ತಿರಲಿ.

ಜಾಗ ಯಾರದು? ದಕ್ಷಿಣ ಕನ್ನಡದಲ್ಲಿ ಹಳೆಯ ಕಾರ್ಖಾನೆ ಜಾಗ ಮೂಲಗೇಣಿಯದ್ದಾಗಿರುವುದು ಉಂಟು. ಕಟ್ಟಡ ಒಬ್ಬರದ್ದು, ನೆಲದ ಹಕ್ಕು ಇನ್ನೊಬ್ಬರದ್ದು. ಕಂಪನಿ ಪಾಲುದಾರಿಕೆಯಲ್ಲಿದ್ದರೆ ಮೂರನೆಯ ತಲೆಮಾರಿನ ಎಷ್ಟು ಜನರ ಸಹಿ ಬೇಕು ಎಂದು ಎಣಿಸಿ. ಇಸಿ (ಋಣಭಾರ ಪತ್ರ) ತೆಗೆಸಿ ಬ್ಯಾಂಕ್ ಸಾಲ ನೋಡಿ. ಕಾರ್ಮಿಕರ ಬಾಕಿ, ಪಿಎಫ್, ಇಎಸ್‌ಐ ತೀರಿದೆಯೇ ಎಂದೂ ನೋಡಿ. ಇದು ಇಸಿಯಲ್ಲಿ ಕಾಣುವುದಿಲ್ಲ, ಬೇರೆಯಾಗಿಯೇ ವಿಚಾರಿಸಬೇಕು.

ಮಾಸ್ಟರ್ ಪ್ಲಾನಿನಲ್ಲಿ ಜಾಗ ಕೈಗಾರಿಕೆ ಎಂದಿದ್ದರೆ ಅಲ್ಲಿ ಮನೆ, ಅಂಗಡಿ ಮಾಡಲು ಬಳಕೆ ಬದಲಾವಣೆಗೆ ಒಪ್ಪಿಗೆ ಬೇಕು. ಅದಕ್ಕೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮು ನೋಡಬೇಕು. ಅರ್ಜಿ ಹೋಗುವುದು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ.

ಹೊಳೆ ಬದಿಯಾದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 2019ರ ಅಧಿಸೂಚನೆಯ ಪ್ರಕಾರ ಉಬ್ಬರವಿಳಿತ ಮುಟ್ಟುವ ಹೊಳೆಯ ದಂಡೆಯಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ದೂರ ಅದರ ಹಿಡಿತದಲ್ಲಿದೆ. ಕೆಡವಿ ಕಟ್ಟುವ ಯೋಚನೆಯಲ್ಲಿ ಇರುವವರು ಇದನ್ನು ಎರಡು ಸಲ ಓದಲಿ. ಇದ್ದದ್ದನ್ನು ಕೆಡವಿದರೆ ಅದೇ ಜಾಗದಲ್ಲಿ ಮತ್ತೆ ಅಷ್ಟೇ ಕಟ್ಟಲು ಬಿಡುತ್ತಾರೆ ಎಂದು ಲೆಕ್ಕ ಹಾಕಬೇಡಿ. ಎಷ್ಟೋ ಮಾಲೀಕರು ಶೆಡ್ಡು ಉಳಿಸಿದ್ದು ಪ್ರೀತಿಯಿಂದ ಅಲ್ಲ, ಈ ಕಾರಣಕ್ಕೆ. ಉಳಿಯಿತಲ್ಲ, ಸಾಕು. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ ಇದ್ದರೆ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಒಪ್ಪಿಗೆ ಬೇಕು.

3. ಅಳತೆ ಮತ್ತು ಪಟ್ಟಿ

ಒಂದು ಮೊಳೆ ಕೀಳುವ ಮೊದಲು ಇಡೀ ಕಟ್ಟಡದ ಅಳತೆ ಚಿತ್ರ ಮಾಡಿಸಿ. ಪ್ರತಿ ಕಂಬಕ್ಕೆ, ಪ್ರತಿ ಅಡ್ಡೆಗೆ (ಅಡ್ಡ ತೊಲೆಗೆ) ನಂಬರ್ ಕೊಡಿ, ಬಣ್ಣದಲ್ಲಿ ಬರೆಸಿ. ಮೇಸ್ತ್ರಿ ಫೋನಿನಲ್ಲಿ "ಆ ಮೂಲೆಯ ಕಂಬ" ಅನ್ನುವುದಕ್ಕೂ "ಬಿ-7" ಅನ್ನುವುದಕ್ಕೂ ಅಜಗಜಾಂತರ.

ಹಳೆಯ ಸಾಮಾನಿಗೂ ಒಂದು ಪುಸ್ತಕ ಬೇಕು. ಹಂಚು ಒತ್ತುವ ಪ್ರೆಸ್ಸು, ಅಚ್ಚು, ಟ್ರಾಲಿಯ ಹಳಿ, ಎರಕದ ಗಾಲಿ, ಒಣಗಿಸುವ ಹಲಗೆ. ಗುಜರಿಯವರು ಮೊದಲ ವಾರವೇ ಗೇಟಿನ ಹತ್ತಿರ ಬಂದು ನಿಂತಿರುತ್ತಾರೆ. ತೂಕಕ್ಕೆ ಹಾಕಬೇಡಿ. ಆ ಪ್ರೆಸ್ ಒಂದನ್ನು ಅಂಗಳದಲ್ಲಿ ನಿಲ್ಲಿಸಿದರೆ ಯಾವ ಬೋರ್ಡೂ ಬೇಡ.

4. ವಿಷ ಇಳಿಸುವುದು

ಹಂಚಿನ ಕಾರ್ಖಾನೆ ಬೇರೆ ಕಾರ್ಖಾನೆಗಳ ಮುಂದೆ ಸ್ವಚ್ಛವೇ. ಮಣ್ಣು, ನೀರು, ಬೆಂಕಿ, ಅಷ್ಟೇ. ಆದರೂ ಪ್ರೆಸ್ಸಿನ ಸುತ್ತಲಿನ ನೆಲ ನೋಡಿ. ಜೇಡಿ ಅಚ್ಚಿಗೆ ಅಂಟದಿರಲೆಂದು ಎಣ್ಣೆ ಸವರುತ್ತಿದ್ದರು. ಆ ಎಣ್ಣೆ ನೆಲದೊಳಗೆ ಇಳಿದಿರುತ್ತದೆ. ಅದರ ಮೇಲೆ ಯಾವ ಟೈಲ್ಸೂ ಹಿಡಿಯುವುದಿಲ್ಲ, ಕಿತ್ತು ತೆಗೆಯಲೇಬೇಕು.

ಆಮೇಲಿನ ಕಾಲದಲ್ಲಿ ಸೇರಿಸಿದ ಶೆಡ್ಡಿಗೆ ಸಿಮೆಂಟ್ ಶೀಟ್ ಹೊದಿಸಿರುವುದು ಜಾಸ್ತಿ. ಅದರಲ್ಲಿ ಆಸ್ಬೆಸ್ಟಸ್ ಇದೆ ಎಂದೇ ಹಿಡಿಯಿರಿ. ಒಡೆಯಬೇಡಿ, ಕತ್ತರಿಸಬೇಡಿ, ಡ್ರಿಲ್ ಹಾಕಬೇಡಿ. ನೀರು ಹಾಕಿ ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೇ ಕೊಡಿ. ಬಾಯಿಗೆ ಕರ್ಚೀಫು ಕಟ್ಟಿಕೊಂಡರೆ ಏನೂ ಪ್ರಯೋಜನ ಇಲ್ಲ. ಕೆಲಸದವರಿಗೆ ಇದಕ್ಕೆಂದೇ ಇರುವ ಮಾಸ್ಕ್ ಕೊಡಿಸುವುದು ನಿಮ್ಮ ಜವಾಬ್ದಾರಿ.

ನಿಮ್ಮದು ಗೇರುಬೀಜದ ಕಾರ್ಖಾನೆಯಾಗಿದ್ದರೆ ಕತೆ ಬೇರೆ. ಸಿಪ್ಪೆಯ ಎಣ್ಣೆ ಗೋಡೆಗೆ ಇಳಿದಿರುತ್ತದೆ, ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಅಲ್ಲಿ ಹಳೆ ಗಾರೆಯನ್ನು ಪೂರ್ತಿ ಕೆತ್ತಿ ತೆಗೆಯದೆ ದಾರಿ ಇಲ್ಲ.

5. ಮೊದಲು ಮಾಡಿನ ಕೆಲಸ, ಆಮೇಲೆ ಉಳಿದದ್ದು

ದುಡ್ಡು ಎಷ್ಟೇ ಇರಲಿ, ಮೊದಲ ಕಂತು ಮಾಡಿಗೆ. ಮಾಡು ಸರಿಯಾಗುವವರೆಗೆ ಒಳಗೆ ಒಂದು ಗೋಡೆಗೂ ಕೈ ಹಾಕಬೇಡಿ.

ನವೆಂಬರಿನಲ್ಲಿ ಶುರು ಮಾಡಿ, ಏಪ್ರಿಲ್ ಕೊನೆಗೆ ಮುಗಿಸಬೇಕು. ಒಂದು ಸಲಕ್ಕೆ ಎರಡು ಅಂಕಣ (ಕಂಬ ಕಂಬದ ನಡುವಿನ ಭಾಗ) ಮಾತ್ರ ಬಿಚ್ಚಿ. ಒಟ್ಟಿಗೇ ಇಡೀ ಹಂಚು ಇಳಿಸಿದರೆ ಮರದ ಚೌಕಟ್ಟಿನ ಮೇಲಿನ ಭಾರ ಹೋಗಿ ಗಾಳಿಗೆ ಅಲುಗಾಡುತ್ತದೆ.

ಇಳಿಸಿದ ಹಂಚನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ. ಒಂದೊಂದನ್ನೇ ಕೈಯಲ್ಲಿ ತೂಗಿ ಹಿಡಿದು ಬೆರಳ ಗಂಟಿನಿಂದ ಬಡಿಯಿರಿ. ಟಣ್ ಎಂದರೆ ಒಳ್ಳೆಯದು. ಡಬ್ ಎಂದರೆ ಒಳಗೆ ಕಾಣದ ಬಿರುಕು, ಬದಿಗಿಡಿ. ಆಮೇಲೆ ತಿರುಗಿಸಿ ನೋಡಿ. ಅಡಿಯಲ್ಲಿ ಕಂಪನಿಯ ಮುದ್ರೆ ಇರುತ್ತದೆ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಎಂಬ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದಾಗ ಯಾರಿಗಾದರೂ ಒಂದು ಕ್ಷಣ ಕೈ ನಿಲ್ಲುತ್ತದೆ. ಮುದ್ರೆ ನೋಡಲು ಚಂದ ಮಾತ್ರ ಅಲ್ಲ, ಕೆಲಸದ್ದೂ ಹೌದು. ಒಂದು ಕಂಪನಿಯ ಹಂಚಿನ ಚಡಿ ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ಬೆರೆಸಿ ಹೊದಿಸಿದರೆ ಸೋರಿಯೇ ಸೋರುತ್ತದೆ. ಮುದ್ರೆ ಪ್ರಕಾರ ರಾಶಿ ಮಾಡಿ, ಒಂದು ಇಳಿಜಾರಿಗೆ ಒಂದೇ ಕಂಪನಿಯದ್ದು ಹಾಕಿ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಕೊರತೆ ಎಷ್ಟು ಎಂದು ಹೀಗೆ ಲೆಕ್ಕ ಸಿಗುತ್ತದೆ. ಹಳೆ ಮನೆ ಕೆಡವುವವರಲ್ಲಿ ಮೊದಲೇ ಹೇಳಿಟ್ಟರೆ ಹಳೆ ಹಂಚೇ ಸಿಗುತ್ತದೆ.

ಮರ ನೋಡಲು ಒಬ್ಬ ಹಳೆ ಆಚಾರಿ ಇರಲಿ. ಎಂಜಿನಿಯರ್ ಬೇಕೇ ಬೇಕು, ಆದರೆ ಕಿರಾಲುಬೋಗಿ ಯಾವುದು, ಹೆಬ್ಬಲಸು ಯಾವುದು ಎಂದು ಕತ್ತಿಯ ಒಂದು ಗೀರಿನಲ್ಲಿ ಹೇಳುವವರು ಆಚಾರಿಯೇ. ನಡುವಿನ ಮರ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಹಾಳಾಗುವುದು ತುದಿ, ಅದರಲ್ಲೂ ಗೋಡೆಯೊಳಗೆ ಹೂತು ಕೂತ ತುದಿ. ಸ್ಕ್ರೂಡ್ರೈವರ್ ಒತ್ತಿ ನೋಡಿ, ಮೆತ್ತಗೆ ಒಳಗೆ ಹೋದರೆ ಅಷ್ಟು ಭಾಗ ಹೋಯಿತು. ಇಡೀ ತೊಲೆ ಬದಲಿಸಬೇಕಿಲ್ಲ. ಕೊಳೆತ ತುದಿ ಕತ್ತರಿಸಿ, ಅದೇ ಜಾತಿಯ ಮರ ಜೋಡಿಸಿ, ಎರಡೂ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಹಾಕಬಹುದು. ಗೋಡೆಯಲ್ಲಿ ಕೂರಿಸುವಾಗ ತುದಿಯ ಸುತ್ತ ಒಂದು ಬೆರಳು ಸಂದು ಬಿಡಿ. ಅದಕ್ಕೂ ಗಾಳಿ ಬೇಕು.

ಎರಡು ಮಾಡು ಸೇರುವ ಕಣಿವೆಯ ದಂಬೆ (ನೀರು ಹರಿಯುವ ತಗಡಿನ ಕಾಲುವೆ) ಎಲ್ಲರೂ ಮರೆಯುವ ಜಾಗ. ಒಂದು ಲೆಕ್ಕ ನೋಡಿ. 100 ಚದರ ಮೀಟರ್ ಮಾಡಿನ ಮೇಲೆ ಗಂಟೆಗೆ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಅಂದರೆ ಒಂದು ದೊಡ್ಡ ಟ್ಯಾಂಕರ್. ಎರಡು ಬದಿಯಿಂದಲೂ ಅದು ಬಂದು ಸೇರುವುದು ಒಂದು ಗೇಣು ಅಗಲದ ತಗಡಿಗೆ. ಮುಂಚೆ ಇದ್ದುದಕ್ಕಿಂತ ಅಗಲ, ಆಳ ಜಾಸ್ತಿ ಮಾಡಿ. ಒಬ್ಬ ಮನುಷ್ಯ ಅದರಲ್ಲಿ ನಡೆದು ಎಲೆ ಕಸ ತೆಗೆಯುವಂತಿರಬೇಕು. ಎರಡೂ ತುದಿಗೆ ಪೈಪ್ ಕೊಡಿ, ಒಂದು ಕಟ್ಟಿಕೊಂಡರೂ ಇನ್ನೊಂದು ಇರಲಿ.

ಬೆಳಕಿಗೆ ಸ್ಕೈಲೈಟ್ ಎಂದು ಮಾಡು ಕತ್ತರಿಸಬೇಡಿ. ನಮ್ಮಲ್ಲಿ ಗಾಜಿನ ಹಂಚು ಇದೆಯಲ್ಲ! ಅಲ್ಲಲ್ಲಿ ಎರಡೆರಡು ಹಾಕಿದರೆ ಹಗಲು ಲೈಟೇ ಬೇಡ. ಉತ್ತರದ ಇಳಿಜಾರಿನಲ್ಲಿ ಹಾಕಿ, ಸೆಕೆ ಕಡಿಮೆ.

6. ಗೋಡೆಗೆ ಸಿಮೆಂಟ್ ಬೇಡ

ಗೋಡೆ ಮುರಕಲ್ಲಿನದ್ದು (ಜಂಬಿಟ್ಟಿಗೆ), ಮಧ್ಯೆ ಸುಣ್ಣದ ಗಾರೆ. ಇಂಥ ಗೋಡೆ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಹೊರಗಿಂದ ಸಿಮೆಂಟ್ ಬಳಿದು, ಒಳಗೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಕುಡಿದ ನೀರು ಹೊರಗೆ ಬರುವ ದಾರಿ ಇಲ್ಲ. ಎರಡನೆಯ ವರ್ಷ ಉಪ್ಪು ಹೂ ಬಿಡುತ್ತದೆ, ಮೂರನೆಯ ವರ್ಷ ಚಕ್ಕೆ ಏಳುತ್ತದೆ. ಆಗ ಎಲ್ಲರೂ ವಾಟರ್‌ಪ್ರೂಫಿಂಗ್ ಕೆಮಿಕಲ್ ತರುತ್ತಾರೆ. ತಂದಷ್ಟೂ ರೋಗ ಜಾಸ್ತಿ.

ಸುಣ್ಣವೇ ಬಳಸಿ. ಕರಾವಳಿಯಲ್ಲಿ ಚಿಪ್ಪಿನ ಸುಣ್ಣದ ರೂಢಿ ಇತ್ತು. ಸುಣ್ಣವನ್ನು ನೀರಿನಲ್ಲಿ ಅರಳಿಸಿ ಕೆಲವು ವಾರ ಹಾಗೇ ಬಿಡಬೇಕು. ಗಡಿಬಿಡಿಯಲ್ಲಿ ಮರುದಿನವೇ ಬಳಸಿದರೆ ಗೋಡೆಯ ಮೇಲೆ ಹೋಗಿ ಅರಳಿ ಬೊಕ್ಕೆ ಏಳುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಹಳಬರ ಕ್ರಮದಲ್ಲಿ ಸ್ವಲ್ಪ ಬೆಲ್ಲದ ನೀರು. ಮರಳು ಹೊಳೆಯದ್ದೇ ಆಗಲಿ, ಸಮುದ್ರದ ಮರಳಿನ ಉಪ್ಪು ಗೋಡೆಗೆ ಸೇರಬಾರದು. ಈ ಕೆಲಸ ಗೊತ್ತಿರುವ ಮೇಸ್ತ್ರಿ ಈಗ ಕಡಿಮೆ. ಸಿಕ್ಕಿದರೆ ಜೊತೆಗೆ ಇಬ್ಬರು ಹುಡುಗರನ್ನು ಕಲಿಯಲು ನಿಲ್ಲಿಸಿ.

ಕಲ್ಲು ಉದುರಿದ ಜಾಗಕ್ಕೆ ಹೊಸ ಮುರಕಲ್ಲು ಹಾಕುವುದಾದರೆ, ಕಲ್ಲು ತಂದ ದಿನವೇ ಕಟ್ಟಬೇಡಿ. ಕೋರೆಯಿಂದ ತೆಗೆದಾಗ ಅದು ಮೆತ್ತಗಿರುತ್ತದೆ, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ.

7. ಯಾರು ಎಲ್ಲಿ ಕೂರಬೇಕು

ಪ್ಲಾನ್ ಬರೆಯುವ ಸಮಯ ಬಂದದ್ದು ಈಗ. ಇಷ್ಟೊತ್ತಿಗೆ ಕಟ್ಟಡವೇ ನಿಮಗೆ ಅರ್ಧ ಪ್ಲಾನ್ ಹೇಳಿರುತ್ತದೆ.

ಭಾರದಿಂದ ಶುರು ಮಾಡಿ. ಕಟ್ಟಡದ ಭಾರಕ್ಕಿರುವ ನಮ್ಮ ದೇಶದ ಮಾನದಂಡ ಐಎಸ್ 875 ಪ್ರಕಾರ ಮನೆಯ ನೆಲ ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊರಬೇಕು, ಅಂಗಡಿಯದ್ದು ಅದರ ಎರಡು ಪಟ್ಟು. ಕಚೇರಿ ಮಧ್ಯದಲ್ಲಿ ಬರುತ್ತದೆ, ಆದರೆ ಫೈಲಿನ ರಾಶಿ ಇದ್ದರೆ ಅಂಗಡಿಯಷ್ಟೇ. ಹಂಚಿನ ಕಾರ್ಖಾನೆಯ ಮೇಲ್ಮಹಡಿ ಮರದ್ದು. ಹಂಚು ಸುಡುವ ಗೂಡಿನ ಬಿಸಿ ಮೇಲಕ್ಕೆ ಹೋಗಿ ಹಂಚು ಒಣಗಲೆಂದು ಹಲಗೆಗಳ ನಡುವೆ ಸಂದು ಬಿಟ್ಟಿರುತ್ತಾರೆ. ಅಲ್ಲಿ ಅಂಗಡಿ ಗೋದಾಮು ಕನಸಿನ ಮಾತು. ಅಂಗಡಿ ನೆಲಮಟ್ಟದಲ್ಲಿ ರಸ್ತೆ ಕಡೆಗೆ, ಕಚೇರಿ ಮೇಲೆ, ಮನೆ ಹೊಳೆಯ ಕಡೆಗೆ. ನನಗೆ ಇದಕ್ಕಿಂತ ಒಳ್ಳೆಯ ಹಂಚಿಕೆ ಕಂಡಿಲ್ಲ.

ಇನ್ನು ಗೋಡೆಗಳು. ಉದ್ದದ ಶೆಡ್ಡನ್ನು ಗೋಡೆ ಹಾಕಿ ತುಂಡು ಮಾಡುವ ಬದಲು ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ ಮಾಡಿ. ಮಾಡಿನ ಕೆಳಗೆ, ಅದಕ್ಕೆ ತಾಗದಂತೆ, ಸ್ವಂತ ಕಾಲಿನ ಮೇಲೆ ನಿಂತ ಹಗುರ ಕೋಣೆಗಳು. ಅದಕ್ಕೆ ಅದರದೇ ಮುಚ್ಚಿಗೆ. ಎ.ಸಿ. ಬೇಕಾದವರು ಆ ಡಬ್ಬಿಯೊಳಗೆ ಮಾತ್ರ ಹಾಕಿಕೊಳ್ಳಲಿ. ಮೇಲಿನ ಮಾಡಿನಡಿ ಗಾಳಿ ಮೊದಲಿನಂತೆ ಓಡಾಡಲಿ. ನಾಳೆ ಬಾಡಿಗೆದಾರ ಬದಲಾದರೆ ಡಬ್ಬಿ ಬಿಚ್ಚಬಹುದು, ಹಳೆ ಗೋಡೆಗೆ ಒಂದು ಗಾಯ ಇಲ್ಲ.

ಮುಚ್ಚಿಗೆ ಹಾಕದೆ ಗೋಡೆಯನ್ನು ಅಡ್ಡೆಯವರೆಗೆ ಮಾತ್ರ ಎತ್ತಿ ಬಿಟ್ಟರೆ ಏನಾಗುತ್ತದೆ ಗೊತ್ತಾ? ನಾನು ನೋಡಿದ ಒಂದು ಕಡೆ ಹಲ್ಲಿನ ಡಾಕ್ಟರ ಡ್ರಿಲ್ಲಿನ ಸದ್ದು ಮಾಡಿನಡಿ ಹಾದು ಪಕ್ಕದ ವಕೀಲರ ಕಚೇರಿಗೆ ಬರುತ್ತಿತ್ತು. ವಕೀಲರ ಕಕ್ಷಿದಾರರ ಗುಟ್ಟು ಡಾಕ್ಟರ ರೋಗಿಗಳಿಗೆ ಹೋಗುತ್ತಿತ್ತು. ಮಧ್ಯಾಹ್ನ ಇಬ್ಬರಿಗೂ ಮೂರನೆಯ ಅಂಗಡಿಯ ಮೀನು ಫ್ರೈ ವಾಸನೆ.

8. ಗೂಡು ಮತ್ತು ಚಿಮಣಿ

ಗೂಡಿನ ಕಮಾನು ಕೋಣೆಗಳು ಕಾಫಿ ಅಂಗಡಿಗೆ ಹೇಳಿ ಮಾಡಿಸಿದ ಹಾಗಿರುತ್ತವೆ. ಗೋಡೆ ದಪ್ಪ, ಒಳಗೆ ತಂಪು. ಆದರೆ ಬಾಗಿಲು ಅಗಲ ಮಾಡುತ್ತೇವೆಂದು ಕಮಾನಿನ ಕಾಲು ಕತ್ತರಿಸಬೇಡಿ. ಹೊರಗೆ ಬಿಗಿದ ಕಬ್ಬಿಣದ ಪಟ್ಟಿ, ಸರಳು ಇದ್ದರೆ ತೆಗೆಯಬೇಡಿ. ಅದು ಗೂಡಿನ ಸೊಂಟಪಟ್ಟಿ. ಒಳಗಿನ ಮಸಿ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ, ಪ್ರೆಶರ್ ನೀರು ಬೇಡ.

ಚಿಮಣಿಯ ಮೇಲೆ ಅರಳಿ, ಅತ್ತಿ ಗಿಡ ಹುಟ್ಟಿರುತ್ತದೆ. ಕೀಳಲು ಹೋದರೆ ಇಟ್ಟಿಗೆಯೂ ಜೊತೆಗೇ ಬರುತ್ತದೆ. ಬುಡಕ್ಕೆ ಕತ್ತರಿಸಿ, ಔಷಧಿ ಹಚ್ಚಿ, ಬೇರು ಒಣಗಿದ ಮೇಲೆ ಸಂದಿಗೆ ಸುಣ್ಣದ ಗಾರೆ ತುಂಬಿ. ಎಷ್ಟು ವಾಲಿದೆ ಎಂದು ಸರ್ವೇಯರ್ ಕೈಯಲ್ಲಿ ಅಳೆಸಿ, ಆರು ತಿಂಗಳ ಮೇಲೆ ಮತ್ತೆ ಅಳೆಸಿ. ಎರಡೂ ಒಂದೇ ಆದರೆ ನಿಶ್ಚಿಂತೆ. ಮಿಂಚುವಾಹಕ ಹೊಸದೇ ಹಾಕಿಸಿ.

9. ನೀರು, ಕರೆಂಟು, ಬೆಂಕಿ

ಟಾಯ್ಲೆಟ್, ಅಡುಗೆಕೋಣೆಗಳನ್ನು ಹಳೆಯ ಗೋಡೆಗೆ ಅಂಟಿಸಬೇಡಿ. ಹಿಂದೆ ಒಂದು ಹೊಸ ಕಟ್ಟಡ, ನಡುವೆ ಒಂದು ಹಾದಿ. ವಯರಿಂಗ್ ಎಲ್ಲಾ ಹೊರಗೇ ಕಾಣುವ ಲೋಹದ ಪೈಪಿನಲ್ಲಿ ಹೋಗಲಿ. ಇಲಿ ಕಡಿಯುವುದಿಲ್ಲ, ರಿಪೇರಿ ಸುಲಭ. ಕಾರ್ಖಾನೆಯ ಹಳೆ ಮೀಟರ್ ರದ್ದು ಮಾಡಿಸಿ ಮನೆಗೆ, ಅಂಗಡಿಗೆ ಬೇರೆ ಬೇರೆ ಸಂಪರ್ಕ ತೆಗೆದುಕೊಳ್ಳಿ.

ಬೆಂಕಿಯ ವಿಷಯದಲ್ಲಿ ಉಳಿತಾಯ ಬೇಡ. 2017ರ ಡಿಸೆಂಬರ್ 29ರಂದು ಮುಂಬೈನ ಕಮಲಾ ಮಿಲ್ಸ್ ಆವರಣದಲ್ಲಿ 14 ಜನ ಸತ್ತರು. ಅದೂ ಹಳೆಯ ಬಟ್ಟೆ ಗಿರಣಿಯ ಜಾಗ, ಹೋಟೆಲು ಕಚೇರಿಗಳಾಗಿ ಬದಲಾದದ್ದು. ಬೆಂಕಿ ಹತ್ತಿದ್ದು ಛಾವಣಿಯ ಮೇಲಿನ ಪಬ್ಬುಗಳಲ್ಲಿ. ನಮ್ಮ ಶೆಡ್ಡಿನ ದಪ್ಪ ತೊಲೆಯ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ದಪ್ಪ ಮರ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಮಾತ್ರ ಕರಕಲಾಗುತ್ತದೆ. ಭಯ ಇರುವುದು ಬಾಡಿಗೆದಾರರು ಆಮೇಲೆ ತಂದು ಸಿಕ್ಕಿಸುವ ಪ್ಲಾಸ್ಟಿಕ್ ಹೊದಿಕೆ, ಬಿದಿರು ತಟ್ಟಿ, ಫೋಮ್ ಬಗ್ಗೆ. ಅಗ್ರಿಮೆಂಟಿನಲ್ಲೇ ಬೇಡ ಎಂದು ಬರೆಸಿ. ಪ್ರತಿ ಭಾಗಕ್ಕೂ ಎರಡು ಕಡೆಯಿಂದ ಹೊರಬೀಳುವ ದಾರಿ ಇರಬೇಕು, ಮೇಲ್ಮಹಡಿಗೆ ಎರಡು ಮೆಟ್ಟಿಲು. ಗ್ಯಾಸ್ ಸಿಲಿಂಡರ್ ಮಾಡಿನ ಹೊರಗೆ. ಅಗ್ನಿಶಾಮಕ ವಾಹನ ಅಂಗಳದೊಳಗೆ ತಿರುಗುತ್ತದೆಯೇ ಎಂದು ಠಾಣೆಯವರನ್ನೇ ಕರೆದು ತೋರಿಸಿ.

10. ಬಾಡಿಗೆಗೆ ಕೊಡುವುದು, ನೋಡಿಕೊಳ್ಳುವುದು

ಎಲ್ಲವನ್ನೂ ಒಟ್ಟಿಗೆ ಮುಗಿಸಿಯೇ ಕೊಡಬೇಕು ಎಂದಿಲ್ಲ. ಮಾಡು ಆದ ಮೇಲೆ ಒಂದು ಶೆಡ್ಡನ್ನು ಮಾತ್ರ ತಯಾರು ಮಾಡಿ, ಅದರ ಬಾಡಿಗೆಯಲ್ಲಿ ಮುಂದಿನದನ್ನು ಮಾಡಿ. ಫೋರ್ಟ್ ಕೊಚ್ಚಿಯ ಪೆಪ್ಪರ್ ಹೌಸ್ ನೋಡಿ ಬನ್ನಿ. ಸಾಂಬಾರ ಪದಾರ್ಥದ ಹಳೆಯ ಗೋದಾಮು. ಅಂಗಳ, ಹಂಚಿನ ಮಾಡು ಹಾಗೇ ಇಟ್ಟುಕೊಂಡು ಕಲಾವಿದರ ಕೋಣೆ, ಕೆಫೆ ಮಾಡಿದ್ದಾರೆ. ಹೆಚ್ಚೇನೂ ಮಾಡದೆ ಬಿಟ್ಟದ್ದೇ ಅಲ್ಲಿಯ ಜಾಣತನ. ಖರ್ಚಿನ ಅಂದಾಜಿನ ಮೇಲೆ ಕಾಲು ಭಾಗ ಬೇರೆ ತೆಗೆದಿಡಿ. ನನ್ನ ಎರಡು ಕೆಲಸದಲ್ಲೂ ಅದು ಪೂರ್ತಿ ಖರ್ಚಾಯಿತು.

ಕಂಪ್ಲೀಷನ್ ಸರ್ಟಿಫಿಕೇಟ್, ಡೋರ್ ನಂಬರ್ ಸಿಕ್ಕಿದ ಮೇಲೆ ಉಳಿಯುವುದು ವರ್ಷದ ಕೆಲಸ. ಪ್ರತಿ ಮೇ ತಿಂಗಳ ಎರಡನೆಯ ವಾರ ಹಂಚಿಗೆ ಕೈಯಾಡಿಸಬೇಕು, ದಂಬೆ ಗುಡಿಸಬೇಕು, ಗೋಡೆಗೆ ತಾಗಿದ ಮರದ ತುದಿಗಳನ್ನು ಚುಚ್ಚಿ ನೋಡಬೇಕು. ಬಾಡಿಗೆ ಅಗ್ರಿಮೆಂಟಿನಲ್ಲಿ ಆ ವಾರ ಮಾಡಿನ ಮೇಲೆ ಜನ ಹತ್ತುತ್ತಾರೆ ಎಂದು ಬರೆದಿರಲಿ, ಇಲ್ಲದಿದ್ದರೆ ಧೂಳು ಬಿತ್ತು ಎಂದು ಜಗಳ. ಹಿಂದಿನ ಹಾದಿಯಲ್ಲಿ, ಮುದ್ರೆ ಪ್ರಕಾರ ಬೇರೆ ಮಾಡಿದ ಐನೂರು ಹಂಚು ಯಾವಾಗಲೂ ನಿಲ್ಲಿಸಿಟ್ಟಿರಿ. ಮಂಗಗಳು ಬಂದ ವರ್ಷ ಅದೂ ಸಾಲುವುದಿಲ್ಲ.